ಫ್ಲೂ ವರ್ಷದಲ್ಲಿ ನೀರು ಹಾಕಿದ ಕೂಸು

ಆಗ ನನಗೆ ಇಪ್ಪತ್ತೆಂಟು ವರ್ಷ. ಅದಾಗಿ ಈಗ ನಲವತ್ತು ವರ್ಷ. ಮನೆಮನೆಗೆ ಹೋಗಿ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ನೀರು ಹಾಕುವುದು ನನ್ನ ಕೆಲಸ. ಮೊದಲು ಅದು ನಮ್ಮತ್ತೆಯ ಕೆಲಸವಾಗಿತ್ತು. ಅವಳ ಕೈ ನಡುಗಲು ಶುರುವಾಯಿತು. ಕೂಸು ಜಾರುವ ಮೊದಲೇ ಬಿಡಬೇಕು ಎಂದು ತಾನೇ ತೀರ್ಮಾನ ಮಾಡಿದಳು. ನನ್ನ ಮೊದಲ ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿ, ಅದರ ಮೇಲೆಯೇ ನನಗೆ ಕಲಿಸಿದಳು. ತಪ್ಪು ಮಾಡಿದರೆ ನನ್ನ ಬೆನ್ನಿಗೆ ಒಂದು ಕೊಡುತ್ತಿದ್ದಳು.

ನಮ್ಮದು ಬೈರಸಂದ್ರ. ಪಕ್ಕದಲ್ಲಿ ಜಯನಗರ ಆಗತಾನೇ ಎದ್ದು ನಿಲ್ಲುತ್ತಿತ್ತು. ಒಂದು ಮನೆ ಇದ್ದರೆ ಆಚೆ ಈಚೆ ಖಾಲಿ ಸೈಟು, ಸೈಟಿನ ತುಂಬ ಎಕ್ಕದ ಗಿಡ. ನಮ್ಮವರು ಸೊಪ್ಪು, ಹುರುಳಿಕಾಯಿ ಬೆಳೆಯುತ್ತಿದ್ದ ನೆಲದ ಮೇಲೇ ಆ ಮನೆಗಳು ಬಂದವು. ಗಂಡಸರಲ್ಲಿ ಕೆಲವರು ಅಲ್ಲಿ ಕಲ್ಲು ಹೊರಲು ಹೋದರು. ನನ್ನ ಗಂಡ ಎತ್ತಿನ ಗಾಡಿಯಲ್ಲಿ ಜಲ್ಲಿ ಹೊಡೆಯುತ್ತಿದ್ದ. ಹೆಂಗಸರಲ್ಲಿ ನಾನು ನೀರು ಹಾಕಲು ಹೋದೆ.

ನಾನು ಹೇಳುವ ಮನೆ ಒಬ್ಬ ರಿಟೈರಾದ ಮೇಷ್ಟ್ರದು. ಬಸವನಗುಡಿಯಲ್ಲಿ ಬಾಡಿಗೆಗಿದ್ದು, ಇಲ್ಲಿ ಸೈಟು ಸಿಕ್ಕಿ, ಮನೆ ಕಟ್ಟಿಕೊಂಡು ಬಂದವರು. ಮಡಿ ಜನ. ಮೇಷ್ಟ್ರು, ಅವರ ಹೆಂಡತಿ, ಇಬ್ಬರೇ. ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಳಿಯ ರೈಲ್ವೆಯಲ್ಲಿ, ಅರಸೀಕೆರೆ ಕಡೆ. ಹೆಣ್ಣು ಕೂಸು ಹುಟ್ಟಿತು. ಪುರುಡು ಕಳೆದ ಮೇಲೆ ನನ್ನನ್ನು ಕರೆಸಿದರು.

ನೀರು ಹಾಕುವುದೆಂದರೆ ಸುಮ್ಮನೆ ಸ್ನಾನ ಮಾಡಿಸುವುದಲ್ಲ. ಬೆಳಿಗ್ಗೆ ಹೋಗಿ ಮೊದಲು ಹಂಡೆಗೆ ಉರಿ ಹಾಕಬೇಕು. ನೀರು ಕಾಯುವಷ್ಟರಲ್ಲಿ ಬಾಣಂತಿಗೆ ಹರಳೆಣ್ಣೆ ಹಚ್ಚಿ ಸೊಂಟ, ತೊಡೆ, ಮೀನಖಂಡ ಉಜ್ಜಬೇಕು. ಅವಳಿಗೆ ಹಾಕುವ ನೀರು ಮೈ ಕೆಂಪಾಗುವಷ್ಟು ಬಿಸಿ ಇರಬೇಕು, ಎತ್ತರದಿಂದ ಸೊಂಟದ ಮೇಲೆ ರಪರಪ ಬೀಳಬೇಕು. ಆಮೇಲೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಸೀರೆ ಬಿಗಿದು ಕಟ್ಟಿ ಮಲಗಿಸಬೇಕು. ಕಿಟಕಿ ತೆಗೆಯುವ ಹಾಗಿಲ್ಲ. ಕುಡಿಯಲು ನೀರು ಹೆಚ್ಚು ಕೊಡುವ ಹಾಗಿಲ್ಲ.

ಕೂಸಿಗಾದರೆ ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚಿ, ಅದನ್ನು ಕಾಲ ಮೇಲೆ ಬೋರಲು ಹಾಕಬೇಕು. ನೀರಿನ ಬಿಸಿ ಕೈಗೆ ಗೊತ್ತಾಗುವುದಿಲ್ಲ, ಬೆಂಕಿ ಮುಟ್ಟಿ ಮುಟ್ಟಿ ಕೈ ಸತ್ತಿರುತ್ತದೆ. ಮೊಣಕೈ ಅದ್ದಿ ನೋಡಬೇಕು. ಬೆನ್ನು ಆದ ಮೇಲೆ ಅಂಗಾತ ಮಾಡಿ, ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು ನೆತ್ತಿಗೆ ಹೊಯ್ಯಬೇಕು. ಕೊನೆಗೆ ಕೂಸಿನ ಮೂಗಿಗೆ ಬಾಯಿಟ್ಟು ಊದಬೇಕು. ಎರಡು ಕಿವಿಗೂ ಊದಬೇಕು. ಒಳಗೆ ಸೇರಿದ ನೀರು, ಸಿಂಬಳ ಹೊರಗೆ ಬರಲಿ ಎಂದು. ಆಮೇಲೆ ಸಾಂಬ್ರಾಣಿ ಹೊಗೆ. ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಸತ್ತ ಹಾಗೆ ಮಲಗುತ್ತದೆ. ನಮ್ಮ ಕಡೆ ಹೀಗೆ ಹೇಳುವುದು ಉಂಟು, ತಪ್ಪು ತಿಳಿಯಬೇಡಿ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಫ್ಲೂ ಜ್ವರದ ಸುದ್ದಿ ಶುರುವಾಯಿತು. ನನಗೆ ಸುದ್ದಿ ಸಿಗುತ್ತಿದ್ದದ್ದು ಆ ಮನೆಯಲ್ಲೇ. ಮೇಷ್ಟ್ರು ವರಾಂಡದಲ್ಲಿ ಕುಳಿತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಪಾಠ ಮಾಡಿ ಅಭ್ಯಾಸ, ಎದುರಿಗೆ ಯಾರೂ ಇಲ್ಲದಿದ್ದರೂ ಓದುತ್ತಿದ್ದರು. ನಾನು ಬಚ್ಚಲಲ್ಲಿ, ಅವರ ಹೆಂಡತಿ, ನಾನು ಅಮ್ಮ ಎನ್ನುತ್ತಿದ್ದವರು, ಅಡಿಗೆಮನೆಯಲ್ಲಿ. ಇಬ್ಬರಿಗೂ ಕೇಳುತ್ತಿತ್ತು.

“ಹಡಗಿನಲ್ಲಿ ಬಂತಂತೆ ಕಣೇ ಈ ಜ್ವರ. ಸಿಂಗಪುರದಿಂದ ಮದ್ರಾಸಿಗೆ. ಈಗ ಮದ್ರಾಸಿನಿಂದ ರೈಲಿನಲ್ಲಿ ಇಲ್ಲಿಗೆ ಬಂದಿದೆ.”

“ಟಿಕೆಟ್ ತಗೊಂಡು ಬಂತಂತೋ, ಹಾಗೇ ಬಂತಂತೋ?” ಎಂದರು ಅಮ್ಮ, ಒಳಗಿನಿಂದಲೇ.

“ನಿನಗೆ ಎಲ್ಲಾ ತಮಾಷೆ.”

“ತಮಾಷೆ ಅಲ್ಲ. ಅಳಿಯಂದ್ರು ರೈಲ್ವೆಯಲ್ಲಿದಾರಲ್ಲ, ಅದಕ್ಕೆ ಕೇಳ್ದೆ. ಮಗೂನ ನೋಡೋಕೆ ಬರ್ತೀನಿ ಅಂತ ಬರೆದಿದ್ರು. ಸದ್ಯಕ್ಕೆ ಬೇಡ ಅಂತ ಬರೀರಿ.”

ಹಾಗೆ ಅಳಿಯನನ್ನು ತಡೆದರು. ತಂದೆಗೆ ಕೂಸಿನ ಮುಖ ಕಾಣಲಿಲ್ಲ.

ಆಮೇಲೆ ಒಂದೊಂದೇ ಮುಚ್ಚುತ್ತಾ ಬಂತು. ರಜ ಮುಗಿದರೂ ಸ್ಕೂಲು ತೆರೆಯಲಿಲ್ಲ. ಟೆಂಟ್ ಸಿನಿಮಾ ನಿಂತಿತು. ಗುಂಪು ಸೇರಬಾರದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು ಎಂದು ನಮ್ಮ ಬೈರಸಂದ್ರದಲ್ಲಿ ತಮಟೆ ಹೊಡೆದು ಸಾರಿದರು. ಅದನ್ನು ಕೇಳಲು ಊರಿಗೆ ಊರೇ ಗುಂಪು ಸೇರಿತ್ತು.

ಮೇಷ್ಟ್ರ ಮನೆಯವರು ಗೇಟಿಗೆ ಬೀಗ ಹಾಕಿದರು. ಹಾಲಿನವನು ಕಾಂಪೌಂಡಿನ ಮೇಲೆ ಇಟ್ಟಿದ್ದ ಪಾತ್ರೆಗೆ ಹೊರಗಿನಿಂದಲೇ ಹಾಲು ಹೊಯ್ದು ಹೋಗಬೇಕು. ತರಕಾರಿಯನ್ನು ಬಿಸಿನೀರಿನಲ್ಲಿ ಅದ್ದಿ ಒಳಗೆ ತರಬೇಕು. ನನಗೆ ಹಿತ್ತಲ ಬಾಗಿಲು. ಅಲ್ಲಿ ನನಗಾಗಿ ಒಂದು ಸೀರೆ ಒಗೆದು ನೇತುಹಾಕಿರುತ್ತಿದ್ದರು. ನಾನು ಹೋದ ತಕ್ಷಣ ತಲೆಯ ಮೇಲೆ ನೀರು ಹೊಯ್ದುಕೊಂಡು, ಸೀರೆ ಬದಲಾಯಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋಗಬೇಕು. ಬೇರೆ ಮನೆಗಳಲ್ಲಿ ಇದನ್ನೆಲ್ಲ ಹೊಸದಾಗಿ ಕಲಿತರು. ಇವರಿಗೆ ಅದೇನೂ ಕಷ್ಟವಾಗಲಿಲ್ಲ. ಮೊದಲೇ ಮಡಿ ಇತ್ತು, ಅದರ ಮೇಲೆ ಇನ್ನೊಂದು ಕೊಡ ನೀರು ಅಷ್ಟೆ.

ಆದರೆ ಮೇಷ್ಟ್ರು ಸಾಯಂಕಾಲ ಪಾರ್ಕಿಗೆ ಹೋಗುವುದನ್ನು ಬಿಡಲಿಲ್ಲ. ಪಾರ್ಕಿನಲ್ಲಿ ಕಂಬಕ್ಕೆ ಹಾಕಿದ ರೇಡಿಯೋ ಇತ್ತು. ಮನೆಯಲ್ಲಿ ರೇಡಿಯೋ ಇರುವವರು ಆಗ ಕಡಿಮೆ. ಫ್ಲೂ ಎಲ್ಲಿಗೆ ಬಂತು, ಎಷ್ಟಾಯಿತು ಎಂದು ಕೇಳಲು ಜನ ಕಂಬದ ಕೆಳಗೆ ಒತ್ತೊತ್ತಾಗಿ ನಿಲ್ಲುತ್ತಿದ್ದರು.

“ಗುಂಪು ಸೇರಬೇಡಿ ಅಂತ ಹೇಳೋದನ್ನ ಗುಂಪಿನಲ್ಲೇ ನಿಂತು ಕೇಳಬೇಕೇನ್ರಿ?” ಎಂದು ಅಮ್ಮ ಒಂದು ದಿನ ಕೇಳಿದರು.

“ಬೆಳಗಿನ ಪೇಪರ್‌ನಲ್ಲಿ ಬರೋದು ನಿನ್ನೆಯ ಸುದ್ದಿ ಕಣೇ. ಇವತ್ತಿಂದು ಬೇಕು ಅಂದ್ರೆ ಅಲ್ಲೇ ಹೋಗಬೇಕು.”

ಪಾರ್ಕಿನಿಂದ ಬಂದು ಕಾಲು ತೊಳೆದು ಕೂಸನ್ನು ಎತ್ತಿಕೊಳ್ಳುತ್ತಿದ್ದರಂತೆ. ಕಾಲು ಮಾತ್ರ ಚೆನ್ನಾಗಿ ತೊಳೆಯುತ್ತಿದ್ದರು.

ಸ್ವಲ್ಪ ದಿನಕ್ಕೆ ಅವರಿಗೆ ಕೆಮ್ಮು ಬಂತು. ಬಚ್ಚಲ ಹೊಗೆಗೆ ಎಂದರು. ಹಸಿ ಸೌದೆ ಹಾಕುತ್ತೀಯ ಎಂದು ನನಗೆ ಬೈಗುಳವೂ ಆಯಿತು. ನಾನು ಸೌದೆ ಒಣಗಿಸಿ ಹಾಕಿದೆ. ಕೆಮ್ಮು ಹೋಗಲಿಲ್ಲ, ಆಮೇಲೆ ತಾನಾಗಿ ಹೋಯಿತು.

ಮಗಳಿಗೆ ಮೈ ಬಿಸಿಯಾದದ್ದು ಅದಾದ ಮೇಲೆ. ಎಣ್ಣೆ ಹಚ್ಚುವಾಗ ನನ್ನ ಕೈಗೇ ತಿಳಿಯಿತು. ಅಮ್ಮನಿಗೆ ಹೇಳಿದೆ. ಅವರು ಮಗಳ ಎದೆ ಮುಟ್ಟಿ ನೋಡಿದರು. ಒಂದು ಕಡೆ ಗಟ್ಟಿಯಾಗಿತ್ತು.

“ಹಾಲು ಕಟ್ಟಿಕೊಂಡಿದೆ. ಹಾಲುಜ್ವರ. ಬಿಸಿನೀರು ಚೆನ್ನಾಗಿ ಹಾಕು, ಇಳಿಯುತ್ತೆ.”

ನಾನೂ ಹೌದು ಎಂದೆ. ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವಳೂ ಹಾಲುಜ್ವರವೇ ಎಂದಳು. ಬಾಣಂತಿಗೆ ಜ್ವರ ಬಂದರೆ ನಮಗೆ ಗೊತ್ತಿದ್ದದ್ದು ಎರಡೇ. ಒಂದು ಹಾಲುಜ್ವರ, ಇನ್ನೊಂದು ಸನ್ನಿ. ಸನ್ನಿ ಅಲ್ಲ, ಬುದ್ಧಿ ನೆಟ್ಟಗಿತ್ತು. ಪೇಪರಿನ ಜ್ವರ ಎಂದು ಯಾರ ತಲೆಗೂ ಹೋಗಲಿಲ್ಲ. ಅದು ಮದ್ರಾಸಿನಲ್ಲಿತ್ತು, ಮಾರ್ಕೆಟ್ಟಿನಲ್ಲಿತ್ತು, ದಂಡಿನ ಕಡೆ ಇತ್ತು. ಗೇಟಿಗೆ ಬೀಗ ಹಾಕಿರಲಿಲ್ಲವೇ? ವರಾಂಡದಲ್ಲಿ ಮೇಷ್ಟ್ರು ಆ ಜ್ವರದ ವಿಷಯ ಓದುತ್ತಿದ್ದರು. ಒಳಗೆ ನಾವು ಅದೇ ಜ್ವರದ ಮೇಲೆ ಸುಡುವ ನೀರು ಹೊಯ್ದು, ಕಿಟಕಿ ಮುಚ್ಚಿ, ಕಂಬಳಿ ಹೊದಿಸಿ, ನೀರು ಕೇಳಿದರೆ ಒಂದು ಗುಟುಕು ಕೊಟ್ಟು ಮಲಗಿಸುತ್ತಿದ್ದೆವು.

ಒಂದು ಬೆಳಿಗ್ಗೆ ಅವಳು ಮಣೆಯ ಮೇಲೆ ಕೂರಲಾರದೆ ಪಕ್ಕಕ್ಕೆ ವಾಲಿದಳು. ಚೆಂಬು ಬಿಸಾಡಿ ಹಿಡಿದುಕೊಂಡೆ. ಉಸಿರು ಬೆಕ್ಕಿನ ಹಾಗೆ ಗುರುಗುರು ಎನ್ನುತ್ತಿತ್ತು. ಆಗ ಡಾಕ್ಟರನ್ನು ಕರೆಸಿದರು.

ಡಾಕ್ಟರು ಸೈಕಲ್ಲಿನಲ್ಲಿ ಬಂದರು. ವಯಸ್ಸಿನವರಲ್ಲ, ಆದರೆ ಆ ದಿನಗಳಲ್ಲಿ ನಿದ್ದೆ ಇಲ್ಲದೆ ಮುದುಕರ ಹಾಗೆ ಕಾಣುತ್ತಿದ್ದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಫ್ಲೂ, ಎದೆಗೂ ಇಳಿದಿದೆ ಎಂದರು. ಇಂಜೆಕ್ಷನ್ ಕೊಟ್ಟರು. ಕಿಟಕಿ ತೆಗೆಸಿದರು. ನೀರು ಕೇಳಿದಷ್ಟು ಕೊಡಿ ಎಂದರು. ಆಸ್ಪತ್ರೆಯಲ್ಲಿ ನೆಲದ ಮೇಲೂ ಜಾಗ ಇಲ್ಲ, ಇಲ್ಲಿಯೇ ನೋಡೋಣ ಎಂದರು. ಕೂಸನ್ನು ಬೇರೆ ಕೋಣೆಗೆ ಹಾಕಿಸಿದರು. ತಾಯಿಯ ಹತ್ತಿರ ಬಿಡಬೇಡಿ, ಅವಳ ಹಾಲೂ ಬೇಡ ಎಂದರು. ಹೊರಡುವಾಗ ಹಿತ್ತಲಿಗೆ ಬಂದು ನನ್ನನ್ನು ಕರೆದರು.

“ಎಷ್ಟು ಮನೆಗೆ ಹೋಗ್ತೀಯಮ್ಮ ನೀನು?”

“ನಾಕೈದು ಮನೆ ಸ್ವಾಮಿ.”

“ಎಲ್ಲಾ ಕಡೆ ಕೂಸಿನ ಮೂಗಿಗೆ ಬಾಯಿಟ್ಟು ಊದ್ತೀಯಾ?”

“ಊದದೆ ನೀರು ಹ್ಯಾಗೆ ಬರುತ್ತೆ ಸ್ವಾಮಿ?”

“ಇನ್ನು ಊದಬೇಡ. ಹತ್ತಿ ಹೊಸೆದು ತೆಗಿ. ಇನ್ನೊಂದು ಮಾತು. ಈ ಮನೆಗೆ ಬರೋದಾದ್ರೆ ಬೇರೆ ಯಾವ ಮನೆಗೂ ಹೋಗಬೇಡ, ನಿನ್ನ ಮನೆಗೂ ಹೋಗಬೇಡ. ಅಲ್ಲಿಗೆ ಹೋಗೋದಾದ್ರೆ ಇಲ್ಲಿಗೆ ಕಾಲಿಡಬೇಡ. ನಿನಗೆ ಜ್ವರ ಬರದೇ ಇದ್ರೂ ನಿನ್ನ ಕೈಯಲ್ಲಿ ಹೋಗುತ್ತೆ ಅದು.”

ನಾನು ಆ ಮನೆ ಬಿಡುವುದೆಂದೇ ತೀರ್ಮಾನಿಸಿದೆ. ಒಂದು ಮನೆಗಾಗಿ ನಾಲ್ಕು ಮನೆ ಬಿಡುವವರು ಯಾರು? ನನ್ನ ಕಿರಿಯ ಮಗಳಿಗೆ ವರ್ಷ ದಾಟಿತ್ತು ಅಷ್ಟೆ. ಇನ್ನೂ ಎದೆ ಬಿಟ್ಟಿರಲಿಲ್ಲ. ಹಂಡೆಯ ಕೆಳಗಿನ ಬೆಂಕಿ ಆರಿಸಿ, ಮೈಗೆ ನೀರು ಹೊಯ್ದುಕೊಂಡು, ನನ್ನ ಸೀರೆ ಉಟ್ಟೆ. ಅಮ್ಮನಿಗೆ ಹೇಳಿ ಹೋಗೋಣ ಎಂದು ಹಿತ್ತಲ ಮೆಟ್ಟಿಲ ಮೇಲೆ ಕುಳಿತೆ.

ಒಳಗೆ ಅಮ್ಮ ಕೂಸಿಗೆ ಒಳಲೆಯಲ್ಲಿ ಹಸುವಿನ ಹಾಲು ಹಾಕುತ್ತಿದ್ದರು. ನೀರು ಬೆರೆಸಿದ ಹಾಲು. ಕೂಸು ನುಂಗಿತು, ಹಾಗೇ ಕಕ್ಕಿತು. ಮತ್ತೆ ಹಾಕಿದರು, ಮತ್ತೆ ಕಕ್ಕಿತು. ಆಮೇಲೆ ಭೇದಿಗೆ ಹತ್ತಿತು. ಮೇಷ್ಟ್ರು ಡಬ್ಬಿ ಹಾಲಿನ ಪುಡಿ ತರಲು ಹೋದರು. ಅಂಗಡಿ ಬಾಗಿಲು ಹಾಕಿತ್ತು ಎಂದು ಬರಿಗೈಯಲ್ಲಿ ಬಂದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದರ ಅಳು ಸಣ್ಣದಾಗುತ್ತಾ ಹೋಯಿತು. ಜೋರಾಗಿ ಅಳುವ ಕೂಸಿಗೆ ಹೆದರಬೇಕಾಗಿಲ್ಲ. ಸಣ್ಣಗೆ ಅಳುವುದಕ್ಕೆ ಹೆದರಬೇಕು.

ನಾನು ಯಾಕೆ ಅಲ್ಲಿಯವರೆಗೂ ಕುಳಿತಿದ್ದೆ ಎಂದು ಕೇಳಿದರೆ ಹೇಳಲಾರೆ. ಏಳೋಣ ಏಳೋಣ ಎಂದುಕೊಂಡು ಕುಳಿತೇ ಇದ್ದೆ. ಅಷ್ಟರಲ್ಲಿ ನನ್ನ ರವಿಕೆ ಒದ್ದೆಯಾಗಿತ್ತು. ಕೂಸು ಅತ್ತರೆ ಹಾಲು ಇಳಿಯುತ್ತದೆ, ಅದು ಯಾರ ಕೂಸು ಎಂದು ಎದೆ ಕೇಳುವುದಿಲ್ಲ. ಸೆರಗು ಮುಚ್ಚಿಕೊಂಡೆ. ಅಮ್ಮ ಆಗಲೇ ನೋಡಿದ್ದರು. ಬಾಗಿಲಲ್ಲಿ ಬಂದು ನಿಂತಿದ್ದರು.

“ನಿನ್ನ ಕಿರೀದಕ್ಕೆ ಎಷ್ಟಾಯ್ತು?”

“ವರ್ಷ ತುಂಬ್ತು ಅಮ್ಮಾವ್ರೆ.”

“ಅನ್ನ ತಿನ್ನುತ್ತಾ?”

“ರಾಗಿ ಸರಿ ತಿನ್ನುತ್ತೆ. ಮುದ್ದೆ ಕೊಟ್ರೆ ಚೀಪುತ್ತೆ.”

“ಹಾಗಾದ್ರೆ ಅದು ಬದುಕುತ್ತೆ,” ಎಂದರು.

ಅಷ್ಟೇ. ಕೊಡು ಎಂದು ಅವರು ಕೇಳಲಿಲ್ಲ. ಅವರ ಬಾಯಲ್ಲಿ ಅದು ಬರುವ ಹಾಗೂ ಇರಲಿಲ್ಲ. ನಾನು ಮುಟ್ಟಿದ ಕೊಡದ ನೀರನ್ನು ಅವರು ಕುಡಿಯುತ್ತಿರಲಿಲ್ಲ. ಒಳಗೆ ಹೋಗಿ ಗಂಡನ ಮುಂದೆ ನಿಂತರು. ಅವರು ಪೇಪರು ಹಿಡಿದಿದ್ದರು, ಓದುತ್ತಿರಲಿಲ್ಲ.

“ರೀ, ಇವಳನ್ನ ಇಲ್ಲೇ ಇರಿಸ್ಕೊಳ್ಳೋಣ ಅಂತಿದೀನಿ. ಮಗೂಗೋಸ್ಕರ.”

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಪೇಪರು ಮಡಿಸಿ, ಎದ್ದು ವರಾಂಡಕ್ಕೆ ಹೋಗಿ, ಬಾಗಿಲು ಮುಂದಕ್ಕೆ ಎಳೆದುಕೊಂಡರು. ಅದೇ ಅವರ ಒಪ್ಪಿಗೆ.

ಈಗ ಮಾತು ನನ್ನದು. ಕರುಣೆ ಎಂದು ಯಾರಾದರೂ ಹೇಳಿಯಾರು, ಅದಕ್ಕೆ ನಾನೇ ಹೇಳುತ್ತಿದ್ದೇನೆ. ಕರುಣೆಗಿಂತ ಅದು ಸೊಪ್ಪಿನ ಮಡಿಗೆ ನೀರು ಬಿಡುವವರ ಯೋಚನೆ. ನೀರು ಒಂದೇ ಮಡಿಗೆ ಆಗುವಷ್ಟಿದ್ದರೆ ಯಾವುದು ಬಾಡಿದೆಯೋ ಅದಕ್ಕೆ ತಿರುಗಿಸುತ್ತೇವೆ. ನನ್ನದು ಹಲ್ಲು ಬಂದ ಮಗು, ಅಜ್ಜಿಯ ಕೈಯಲ್ಲಿತ್ತು. ಇದು ಸಂಜೆಯವರೆಗೆ ಇರುತ್ತೋ ಇಲ್ಲವೋ. ಜೊತೆಗೆ ಬೆಳಿಗ್ಗೆಯಿಂದ ಆ ಬಾಣಂತಿಯನ್ನು ತಬ್ಬಿ ಹಿಡಿದಿದ್ದೆ. ಆ ಮೈಯಲ್ಲೇ ಮನೆಗೆ ಹೋಗಿ ನನ್ನ ಮಗುವನ್ನು ಮುಟ್ಟುವುದು ಹೇಗೆ ಎಂಬ ಹೆದರಿಕೆಯೂ ಇತ್ತು. ಎದ್ದು ಮತ್ತೆ ನೀರು ಹೊಯ್ದುಕೊಂಡು, ಅವರ ಸೀರೆ ಉಟ್ಟು ಒಳಗೆ ಹೋದೆ. ಬಚ್ಚಲ ಪಕ್ಕದ ಸೌದೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಕೂಸಿಗೆ ಕೊಟ್ಟೆ. ಮೊದಲು ಹಿಡಿಯಲೇ ಇಲ್ಲ, ಬಾಯಿ ಸೋತುಹೋಗಿತ್ತು. ನಾಲ್ಕು ಹನಿ ತುಟಿಗೆ ಹಿಂಡಿದೆ. ಆಮೇಲೆ ಹಿಡಿಯಿತು. ಹಿಡಿದ ಮೇಲೆ ಬಿಡಲಿಲ್ಲ. ಕಕ್ಕಲೂ ಇಲ್ಲ.

ಅಮ್ಮ ಬಾಗಿಲ ಹೊರಗೆ ನಿಂತಿದ್ದರು. “ಯಾರ ಹತ್ರಾನೂ ಹೇಳಬೇಡ,” ಎಂದರು. ಅವರು ಹೋಗಿ ಬಹಳ ಕಾಲವಾಯಿತು, ಮೇಷ್ಟ್ರೂ ಹೋದರು. ಅದಕ್ಕೆ ಈಗ ಹೇಳುತ್ತಿದ್ದೇನೆ.

ಸೌದೆ ಕೋಣೆಯಲ್ಲೇ ಚಾಪೆ ಹಾಕಿ ಕೊಟ್ಟರು. ಊಟ ಎಲೆಯಲ್ಲಿ ಹಿತ್ತಲಿಗೆ ಬರುತ್ತಿತ್ತು. ಮುಂಚೆ ಸಾರು ಅನ್ನ ಬರುತ್ತಿದ್ದ ಎಲೆಗೆ ಈಗ ತುಪ್ಪ, ಬೆಲ್ಲ, ಬೆಳ್ಳುಳ್ಳಿ ಹುರಿದದ್ದು ಬರತೊಡಗಿತು. ಅವರ ಮನೆಯಲ್ಲಿ ಬೆಳ್ಳುಳ್ಳಿ ಬಾಣಂತಿಗೆ ಬಿಟ್ಟು ಬೇರೆಯವರಿಗೆ ಇಲ್ಲ. ನಾನು ತಿಂದೆ. ಬೆಳಿಗ್ಗೆ ಕೂಸಿಗೆ ನೀರು ಹಾಕುತ್ತಿದ್ದೆ. ಊದುವುದನ್ನು ಬಿಟ್ಟೆ. ಹತ್ತಿ ಬತ್ತಿಗೆ ಎಣ್ಣೆ ಸವರಿ ಮೂಗು ತೆಗೆಯುತ್ತಿದ್ದೆ.

“ಊದದೇ ಇದ್ರೆ ನೆಗಡಿ ಕಟ್ಟುತ್ತೆ ಕಣೇ,” ಎಂದರು ಅಮ್ಮ.

“ಡಾಕ್ಟ್ರು ಬೇಡ ಅಂದವ್ರೆ.”

“ಡಾಕ್ಟ್ರು ಹುಟ್ಟಿದಾಗ ಯಾರೋ ಊದೇ ಇರ್ತಾರೆ.”

“ಆಗ ಫ್ಲೂ ಇರಲಿಲ್ಲ ಅಮ್ಮಾವ್ರೆ.”

ಕೂಸಿನ ಮೂಗು ಕಟ್ಟಿತು ನಿಜ. ಹಾಲು ಹಿಡಿದಾಗ ಉಸಿರು ಸಾಲದೆ ಬಿಡುತ್ತಿತ್ತು, ಬಿಟ್ಟು ಅಳುತ್ತಿತ್ತು. ನನಗೂ ಊದಿಬಿಡೋಣ ಅನಿಸಿತು. ಊದಲಿಲ್ಲ. ಎತ್ತಿ ಹೆಗಲಿಗೆ ಹಾಕಿಕೊಂಡು ಕೂತೇ ಕಾಲ ಕಳೆದೆ.

ಹಾಲಿನವನ ಕೈಲಿ ನಮ್ಮ ಮನೆಗೆ ಹೇಳಿ ಕಳಿಸಿದ್ದೆ. ನಮ್ಮತ್ತೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ರಸ್ತೆಯ ಆಚೆ ಬದಿ ನಿಂತಳು. ನಾನು ಗೇಟಿನ ಒಳಗೆ ನಿಂತೆ. ಮಗು ನನ್ನನ್ನು ನೋಡಿ ಎರಡು ಕೈಯನ್ನೂ ಚಾಚಿತು.

“ತಲೆ ಕೆಟ್ಟಿದೆಯೇನೇ ನಿನಗೆ?” ಎಂದಳು ಅತ್ತೆ. “ನೀರು ಹಾಕೋಕೆ ಅಂತ ಕಳ್ಸಿದ್ರೆ ನೀನೇ ಬಾಣಂತಿ ಆಗಿ ಕೂತಿದೀಯಲ್ಲ.”

“ಮೆಲ್ಲಗೆ ಮಾತಾಡು. ಒಳಗೆ ಕಾಯಿಲೆಯವರವ್ರೆ.”

“ಇರಲಿ. ನಮ್ಮನೇಲೂ ಇದೆ ಕಾಯಿಲೆ. ನಿನ್ನ ಗಂಡ ಮೂಲೆ ಹಿಡಿದವ್ನೆ. ಊರಲ್ಲಿ ಅರ್ಧ ಜನ ಮಲಗವ್ರೆ. ಇವ್ಳು ರಾತ್ರಿಯೆಲ್ಲ ನಿನ್ನ ಸೀರೆ ಬಾಯಿಗೆ ತುರುಕ್ಕೊಂಡು ಮಲಗ್ತಾಳೆ.”

“ಇವಳಿಗೆ ಮೈ ಬಿಸಿ ಐತಾ?”

“ಇಲ್ಲ.”

“ಸರಿ ಉಣ್ತಾಳಾ?”

“ಹಸಿವಾದ್ರೆ ಯಾರಾದ್ರೂ ಉಣ್ತಾರೆ.” ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. ಆಮೇಲೆ ಕೇಳಿದಳು. “ಆ ಕೂಸು ಹಿಡೀತಾ?”

“ಹಿಡೀತು.”

“ಹಂಗಾದ್ರೆ ಮಧ್ಯದಲ್ಲಿ ಬಿಟ್ಟು ಬರಬೇಡ. ಬಂದ್ರೆ ಎರಡೂ ಕೆಡ್ತದೆ,” ಎಂದು ಬೆನ್ನು ತಿರುಗಿಸಿ ಹೊರಟಳು. ಅವಳು ಕಾಣದಾಗುವವರೆಗೂ ಮಗು ಕೂಗುತ್ತಲೇ ಇತ್ತು. ಮತ್ತೆ ಇವಳನ್ನು ಇಲ್ಲಿಗೆ ಎತ್ತಿಕೊಂಡು ಬರಬೇಡ ಎಂದು ಹಾಲಿನವನ ಕೈಲಿ ನಾನೇ ಹೇಳಿ ಕಳಿಸಿದೆ.

ಬಾಣಂತಿಗೆ ಒಂದು ದಿನ ಇಳಿದ ಹಾಗೆ ಕಾಣುತ್ತಿತ್ತು, ಮಾರನೇ ದಿನ ಏರುತ್ತಿತ್ತು. ಡಾಕ್ಟರು ಬಂದು ಹೋಗುತ್ತಿದ್ದರು. ಕೂಸಿಗೆ ಡಬ್ಬಿ ಹಾಲು ಕೊಡುತ್ತಿದ್ದೇವೆ ಎಂದು ತಾಯಿ ಮಗಳಿಗೆ ಹೇಳಿದ್ದರು. ಒಂದು ಮಧ್ಯಾಹ್ನ ಅಮ್ಮ ಕಣ್ಣು ಮುಚ್ಚಿದ್ದರು, ಎಷ್ಟು ದಿನದ ನಿದ್ದೆಯೋ. ನಾನು ಆ ಕೋಣೆಯ ಬಾಗಿಲ ಮುಂದೆ ಹಾದುಹೋಗುವಾಗ ಮಗಳು ಕರೆದಳು. ಹೊಸಲಿನ ಆಚೆಯೇ ನಿಂತೆ. ಮುಖ ಸುಟ್ಟ ಹಾಗೆ ಆಗಿತ್ತು, ತುಟಿ ನೀಲಿಗೆ ತಿರುಗಿತ್ತು.

“ನೀನೇ ಕೊಡ್ತಿರೋದು ಅಲ್ವಾ?”

ನಾನು ಸೆರಗು ಎಳೆದುಕೊಂಡೆ.

“ಒಳಲೇಲಿ ಕುಡಿದ್ರೆ ಇಷ್ಟು ಬೇಗ ಅಳು ನಿಲ್ಲಲ್ಲ. ನಂಗೆ ಇಲ್ಲಿಂದ ಕೇಳ್ಸುತ್ತೆ.”

“ಹೌದು ಅಕ್ಕಾವ್ರೆ.”

ಅವಳು ಉಸಿರು ಎಳೆದುಕೊಂಡು ಸ್ವಲ್ಪ ಹೊತ್ತು ಮೇಲೆ ನೋಡಿದಳು. ನನಗೆ ಬೈಯುತ್ತಾಳೋ ಅಳುತ್ತಾಳೋ ಎಂದು ಕಾದೆ.

“ಮೊದಲು ಬಲಗಡೆ ಕೊಡು,” ಎಂದಳು. “ಎಡಗಡೆ ಅದು ಹಿಡಿಯಲ್ಲ, ಹಟ ಮಾಡುತ್ತೆ. ಬಲಗಡೆ ಸ್ವಲ್ಪ ಕುಡಿದ ಮೇಲೆ ಮೆಲ್ಲಗೆ ಎಡಕ್ಕೆ ಬದಲಾಯಿಸ್ಬೇಕು.”

“ಆಗಲಿ.”

“ಕಿವಿ ಹಿಂದೆ ಒರೆಸು. ಅಲ್ಲಿ ಹಾಲು ಇಳಿದು ಕೆಂಪಾಗುತ್ತೆ.”

“ಒರೆಸ್ತಿದೀನಿ.”

“ಇಲ್ಲಿ ತಂದು ತೋರ್ಸು ಅಂದ್ರೆ ಬೈತಾರೆ.”

ನಾನು ಹೋಗಿ ಕೂಸನ್ನು ತಂದೆ. ಹೊಸಲಿನ ಆಚೆ, ಅವಳಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. ಕೂಸು ಮಲಗಿತ್ತು. ಅವಳು ನೋಡಿದಳು. “ಕೆನ್ನೆ ಬಂದಿದೆ,” ಎಂದಳು. ಆಮೇಲೆ ಕೆಮ್ಮು ಬಂತು. ಕೈ ಆಡಿಸಿ ತೆಗೆದುಕೊಂಡು ಹೋಗು ಎಂದಳು.

ಅದಾದ ಮೇಲೆ ಅವಳು ಹೆಚ್ಚು ಕಾಲ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋದಳು. ಡಾಕ್ಟರಿಗೆ ಹೇಳಿ ಕಳಿಸಿದರು, ಅವರು ಬರುವ ಮೊದಲೇ ಮುಗಿದಿತ್ತು. ಅಮ್ಮ ಗಟ್ಟಿಯಾಗಿ ಅಳಲಿಲ್ಲ. ಮಗಳ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕಿವಿಯ ಹತ್ತಿ ತೆಗೆದು, ಕೂದಲು ಬಾಚಿದರು. ಬಾಣಂತಿ ಸತ್ತರೆ ಬೇರೆ ಶಾಸ್ತ್ರಗಳಿವೆ. ಅವನ್ನು ಮಾಡಿಸುವ ಪುರೋಹಿತರು ಗೇಟಿನ ಹೊರಗೇ ನಿಂತು ಮೇಷ್ಟ್ರಿಗೆ ಹೇಳಿಕೊಟ್ಟರು. ಎತ್ತಲು ಜನ ಸಾಲಲಿಲ್ಲ. ಬಸವನಗುಡಿಯ ನೆಂಟರು ಕೆಲವರು ಮಲಗಿದ್ದರು, ಕೆಲವರು ಬರಲಿಲ್ಲ. ಕೊನೆಗೆ ಡಾಕ್ಟರೇ ಒಂದು ಕಡೆ ಹೆಗಲು ಕೊಟ್ಟರು. ಎತ್ತುವಾಗ ಕೂಸು ಎದ್ದು ಅತ್ತಿತು. ನಾನು ಸೌದೆ ಕೋಣೆಯ ಬಾಗಿಲು ಹಾಕಿಕೊಂಡು ಬಲಗಡೆ ಕೊಟ್ಟೆ.

ಮಾರನೇ ಬೆಳಿಗ್ಗೆ ಪೇಪರು ಬಂತು. ಮೇಷ್ಟ್ರು ವರಾಂಡದಲ್ಲಿ ಕುಳಿತು, ಯಾವಾಗಲೂ ಓದುವ ದನಿಯಲ್ಲೇ ಓದಿದರು. ಫ್ಲೂ ಜ್ವರ ಇಳಿಮುಖವಾಗಿದೆ, ಶಾಲೆಗಳು ತೆರೆಯಲಿವೆ, ಸಾರ್ವಜನಿಕರು ಗಾಬರಿಪಡಬೇಕಾಗಿಲ್ಲ. ಅಲ್ಲಿಗೆ ನಿಲ್ಲಿಸಿದರು. ಅಡಿಗೆಮನೆಯಿಂದ ಯಾವ ಮಾತೂ ಬರಲಿಲ್ಲ. ಪುಟ ತಿರುಗಿಸುವ ಶಬ್ದ ಬಂತು. ಮತ್ತೆ ಹಿಂದಕ್ಕೆ ತಿರುಗಿಸಿದರು. ಅದೇ ಸುದ್ದಿಯನ್ನು ಇನ್ನೊಂದು ಸಲ ಓದಿದರು. ಎಲ್ಲೋ ಒಂದು ಸಾಲು ತಪ್ಪಿಹೋಗಿದೆಯೇನೋ ಎನ್ನುವ ಹಾಗೆ ನಿಧಾನವಾಗಿ ಓದಿದರು.

ಜ್ವರ ಯಾರಿಂದ ಬಂತು ಎಂದು ನಾನು ಹೇಳಲಾರೆ. ನಾನೂ ದಿನಾ ಹೊರಗಿನಿಂದ ಬರುತ್ತಿದ್ದವಳೇ. ಮೇಷ್ಟ್ರು ಮಾತ್ರ ಆಮೇಲೆ ಪಾರ್ಕಿನ ಕಡೆ ಹೋಗಲಿಲ್ಲ ಎಂದು ಹಾಲಿನವನು ಹೇಳುತ್ತಿದ್ದ.

ತಂತಿ ಕೊಟ್ಟದ್ದಕ್ಕೆ ಅಳಿಯ ಬಂದ. ಜೊತೆಗೆ ಅವನ ಅಕ್ಕ. ಅವಳಿಗೂ ಕೈಗೂಸಿತ್ತು. ನನ್ನ ತೋಳಿನಿಂದ ಕೂಸನ್ನು ಎತ್ತಿಕೊಂಡು, ಅಲ್ಲೇ ಕುಳಿತು, ಎಡಗಡೆಗೆ ಹಾಕಿಕೊಂಡಳು. ಕೂಸು ಹಟ ಮಾಡಿತು.

“ಮೊದಲು ಬಲಗಡೆ ಕೊಡಿ,” ಎಂದೆ.

ಅವಳು ನನ್ನನ್ನೂ ಅಮ್ಮನನ್ನೂ ನೋಡಿದಳು. ಅಮ್ಮ ಬೇರೆ ಕಡೆ ತಿರುಗಿದರು. ಅವಳು ಬದಲಾಯಿಸಿದಳು. ಕೂಸು ಹಿಡಿಯಿತು. ಅಳಿಯ ಬಾಗಿಲಲ್ಲಿ ನಿಂತು ಮೊದಲ ಸಲ ಮಗಳನ್ನು ನೋಡುತ್ತಿದ್ದ. ಅವರು ರಾತ್ರಿ ರೈಲಿಗೆ ಹೊರಡುವವರಿದ್ದರು. ನನಗೆ ಇನ್ನು ಅಲ್ಲಿ ಕೆಲಸವಿರಲಿಲ್ಲ.

ಹಿತ್ತಲಲ್ಲಿ ನನ್ನ ಸೀರೆ ಉಟ್ಟುಕೊಂಡೆ. ಅಮ್ಮ ಗೇಟಿನವರೆಗೂ ಬಂದರು. ಬೀಗ ತೆಗೆದರು.

“ಸೂತಕದ ಮನೆ. ಕುಂಕುಮ ಕೊಡೋ ಹಾಗೂ ಇಲ್ಲ,” ಎಂದರು.

“ಪರವಾಗಿಲ್ಲ ಅಮ್ಮಾವ್ರೆ.”

ಗೇಟು ತೆರೆದು ಹಿಡಿದರು. ನಾನು ಹೊರಟೆ.

ಮನೆಗೆ ಬಂದಾಗ ಗಂಡ ಎದ್ದು ಜಗಲಿಯ ಮೇಲೆ ಕುಳಿತಿದ್ದ, ಸೊರಗಿ ಕಡ್ಡಿಯಾಗಿದ್ದ. ನೀರು ಹೊಯ್ದುಕೊಂಡು ಮಗುವನ್ನು ಎತ್ತಿಕೊಂಡೆ. ಬಂತು. ತೊಡೆಯ ಮೇಲೆ ಹಾಕಿಕೊಂಡು ಎದೆಗೆ ಹಚ್ಚಿದೆ. ಮೂಸಿ ನೋಡಿತು. ಮುಖ ತಿರುಗಿಸಿ ಅಜ್ಜಿಯ ಕಡೆ ನೋಡಿ ನಕ್ಕಿತು, ಯಾರೋ ಆಟವಾಡಿಸುತ್ತಿದ್ದಾರೆ ಎನ್ನುವ ಹಾಗೆ. ಇನ್ನೊಂದು ಕಡೆಗೆ ಹಾಕಿದೆ. ಕೈಯಿಂದ ತಳ್ಳಿ, ಇಳಿದು, ಅತ್ತೆಯ ಹತ್ತಿರ ಹೋಗಿ ಸರಿಯ ಬಟ್ಟಲು ತೋರಿಸಿತು.

“ಮರೆತುಬಿಟ್ಳು,” ಎಂದಳು ಅತ್ತೆ. “ಒಳ್ಳೇದೇ ಆಯ್ತು ಬಿಡು. ಎಂದಿದ್ರೂ ಬಿಡಿಸ್ಬೇಕಿತ್ತು.”

ಸಂಜೆಗೆ ಎದೆ ಎರಡೂ ಕಲ್ಲಾಯಿತು. ಕೈ ಎತ್ತಲು ಆಗಲಿಲ್ಲ, ಮೈ ಕಾಯಿತು. ಅತ್ತೆ ಹಿಂಡಿ ಹಾಕಿದಳು, ಮತ್ತೆ ತುಂಬಿತು. ಇಬ್ಬರಿಗಾಗುವಷ್ಟು ಹಾಲು ಬರುತ್ತಿತ್ತು. ಕುಡಿಯುವವರು ಯಾರೂ ಇರಲಿಲ್ಲ. ಹಾಲು ಇಂಗಿಸಲು ನಮ್ಮಲ್ಲಿ ಎದೆಗೆ ಮಲ್ಲಿಗೆ ಹೂವು ಕಟ್ಟುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ಅದನ್ನು ಮಾಡು ಎಂದಳು ಅತ್ತೆ.

ಬೆಳಿಗ್ಗೆ ಹೂವಿನವಳ ಹತ್ತಿರ ಹೋದೆ. ಅವಳ ಬುಟ್ಟಿ ತುಂಬಿ ಹಾಗೇ ಇತ್ತು. ಎಷ್ಟೋ ದಿನದಿಂದ ಮದುವೆ ಇರಲಿಲ್ಲ, ದೇವಸ್ಥಾನಕ್ಕೆ ಜನ ಇರಲಿಲ್ಲ. ನಾನು ಮೊಳಕ್ಕೆ ಮೊಳ ಹಾಕಿಸಿಕೊಳ್ಳುತ್ತಲೇ ಇದ್ದುದನ್ನು ನೋಡಿ ಅವಳ ಮುಖ ಅರಳಿತು.

“ಏನಕ್ಕಾ, ಇಷ್ಟೊಂದು ಹೂವು. ಮನೇಲಿ ಏನು ವಿಶೇಷ?”

“ಏನಿಲ್ಲ. ಅಳೆದು ಕೊಡು,” ಎಂದೆ.

ಮನೆಗೆ ಬಂದು ಅತ್ತೆಯ ಕೈಲಿ ಎರಡು ಕಡೆಗೂ ಹೂವು ಕಟ್ಟಿಸಿಕೊಂಡು, ಮೇಲೆ ಬಟ್ಟೆ ಬಿಗಿದು, ರವಿಕೆ ಹಾಕಿ, ಸೆರಗು ಹೊದ್ದೆ. ಬಿಟ್ಟಿದ್ದ ಮನೆಗಳಲ್ಲಿ ಒಂದು ಮನೆಯವರು ಮಾತ್ರ ಬೇರೆಯವರನ್ನು ಇಟ್ಟುಕೊಂಡಿರಲಿಲ್ಲ. ಅಲ್ಲಿಗೆ ಹೋಗಿ ಹಂಡೆಗೆ ಉರಿ ಹಾಕಿದೆ. ಮಣೆಯ ಮೇಲೆ ಕುಳಿತು ಕಾಲು ಚಾಚಿ, ಕೂಸನ್ನು ಹಾಕಿಕೊಂಡು ನೀರು ಹೊಯ್ದೆ. ಬಿಸಿ ತಾಗಿ ಅದು ಜೋರಾಗಿ ಅತ್ತಿತು. ರವಿಕೆಯೊಳಗೆ ಹೂವು ಒದ್ದೆಯಾದದ್ದು ನನಗೆ ಗೊತ್ತಾಯಿತು. ಆ ಮನೆಯ ಬಾಣಂತಿ ಬಾಗಿಲಲ್ಲಿ ನಿಂತು, ಬಚ್ಚಲೆಲ್ಲಾ ಘಮ್ಮಂತಿದೆ, ಮುಡಿಯಲ್ಲಿ ಮಾತ್ರ ಒಂದೆಸಳೂ ಇಲ್ಲವಲ್ಲ ಎಂದಳು. ಕೂಸಿನ ಟವಲು ಕೊಡಿ ಎಂದೆ.